ತೆಂಗಿನೆಣ್ಣೆ ಕುಡಿದ ಗುಂಡುಗಳು

ರಿವಾಲ್ವರ್ ಹೊಡೆಯುವುದು ಕಷ್ಟದ ಕೆಲಸ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಅದರಲ್ಲಿ ಏನಿದೆ? ಗುಂಡು ತುಂಬಬೇಕು, ಗುರಿ ನೋಡಬೇಕು, ಬೆರಳು ಮಡಚಬೇಕು. ಒಂದು ದೋಸೆಯನ್ನು ಹರಿಯದಂತೆ ಕಲ್ಲಿನಿಂದ ಎಬ್ಬಿಸುವುದಕ್ಕೆ ಇದಕ್ಕಿಂತ ಹೆಚ್ಚು ವಿದ್ಯೆ ಬೇಕು. ಆ ವಿದ್ಯೆ ನನ್ನಲ್ಲಿ ಧಾರಾಳವಾಗಿತ್ತು. ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲೇ ನನ್ನ ಹೋಟೆಲು. ಅರವತ್ತರ ದಶಕದ ಆರಂಭದ ಆ ದಿನಗಳಲ್ಲಿ ಮೂಡುಬಿದಿರೆಗೆ ಹೋಗುವವರೂ ಬಂಟ್ವಾಳಕ್ಕೆ ಹೋಗುವವರೂ ನನ್ನ ಚಹಾ ಕುಡಿದೇ ಹೋಗುತ್ತಿದ್ದರು. ಅಷ್ಟು ರುಚಿಯೇ ಎಂದು ಕೇಳಬೇಡಿ. ಬಸ್ಸು ಬರುವುದು ತಡವಾಗುತ್ತಿತ್ತು.

ಈ ಕಥೆಯ ಮೂಲಪುರುಷರು ನನ್ನ ಸೋದರಮಾವ, ನಾರಾವಿಯ ಹತ್ತಿರ ಇರುವ ನಮ್ಮ ಗುತ್ತಿನ ಮನೆಯ, ಅಂದರೆ ಊರಿನ ಹಿರಿಯ ಮನೆತನದ, ಯಜಮಾನರು. ವರ್ಷಕ್ಕೊಮ್ಮೆ ಊರಿನ ದೈವಕ್ಕೆ ನೇಮದ ಉತ್ಸವ ಆಗುವಾಗ ದೈವದ ಆಭರಣದ ಪೆಟ್ಟಿಗೆ, ಅಂದರೆ ಭಂಡಾರ, ನಮ್ಮ ಮನೆಯಿಂದಲೇ ಮೆರವಣಿಗೆಯಲ್ಲಿ ಹೊರಡಬೇಕು. ಅದರ ಮುಂದೆ ಬಿಳಿ ಮುಂಡಾಸು ಸುತ್ತಿ, ಸೊಂಟದಲ್ಲಿ ರಿವಾಲ್ವರ್ ಸಿಕ್ಕಿಸಿಕೊಂಡು ಮಾವ ನಡೆಯಬೇಕು. ಆ ರಿವಾಲ್ವರಿನಿಂದ ಮಾವ ಯಾರನ್ನಾದರೂ ಹೊಡೆದದ್ದುಂಟೇ? ಇಲ್ಲ. ಕಾಡುಹಂದಿಯನ್ನು? ಅದೂ ಇಲ್ಲ. ಆದರೂ ಅದು ಸೊಂಟದಲ್ಲಿದ್ದರೆ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು.

ನಮ್ಮಲ್ಲಿ ಮಾವನ ನಂತರ ಮನೆಯ ಯಜಮಾನಿಕೆ ಮಗನಿಗಲ್ಲ, ಸೋದರಳಿಯನಿಗೆ. ಹಿರಿಯ ಅಳಿಯ ನಾನು. ಚಿಕ್ಕಂದಿನಿಂದಲೂ ಆ ಮುಂಡಾಸು, ಆ ಗತ್ತು, ಆ ನಡಿಗೆ ನೋಡಿ ನನಗೆ ಒಂದೇ ಆಸೆ: ಒಂದು ದಿನ ನಾನೂ ಹೀಗೆ ಎಲ್ಲರಿಗಿಂತ ಮುಂದೆ ನಡೆಯಬೇಕು, ಜನ ದಾರಿ ಬಿಡಬೇಕು. ಹೋಟೆಲಿನಲ್ಲಿ ಯಾರೂ ನನಗೆ ದಾರಿ ಬಿಡುತ್ತಿರಲಿಲ್ಲ. ಚಹಾದ ಗ್ಲಾಸು ಹಿಡಿದು ಹೋಗುವಾಗ ನಾನೇ ಎಲ್ಲರ ಕಾಲು ದಾಟಿ ಹೋಗಬೇಕಾಗಿತ್ತು.

ಆ ವರ್ಷ ಮಾವನ ಮೊಣಕಾಲು ಮುಷ್ಕರ ಹೂಡಿತು. ಅವರು ನನ್ನನ್ನೂ ನನ್ನ ಚಿಕ್ಕಮ್ಮನ ಮಗ ಜಗನ್ನಾಥನನ್ನೂ ಚಾವಡಿಗೆ ಕರೆದರು. ಜಗನ್ನಾಥ ಗುತ್ತಿನ ಮನೆಯಲ್ಲೇ ಇದ್ದು ಬೇಸಾಯ ನೋಡಿಕೊಳ್ಳುವವನು. ಮಾತು ಕಡಿಮೆ. ಇಂಥವರನ್ನು ನಂಬಬಾರದು.

“ಲೈಸೆನ್ಸಿಗೆ ನಿಮ್ಮಿಬ್ಬರ ಹೆಸರನ್ನೂ ಸೇರಿಸಿ ಆಗಿದೆ,” ಅಂದರು ಮಾವ. “ಆದ್ರೆ ಹೊಡೀಲಿಕ್ಕೆ ಬಾರದವನ ಸೊಂಟಕ್ಕೆ ನಾನು ಇದನ್ನು ಕೊಡುವುದಿಲ್ಲ. ನೇಮಕ್ಕೆ ಮುಂಚಿನ ಆದಿತ್ಯವಾರ ಅಂಗಳದ ಪಾಗಾರದ ಗೋಡೆ ಮೇಲೆ ಒಂದು ತೆಂಗಿನಕಾಯಿ ಇಡ್ತೇನೆ. ಐದು ಗುಂಡು. ಶೀನ, ನೀನು ದೊಡ್ಡವ, ಮೊದಲು ನೀನೇ. ಒಂದಾದ್ರೂ ತಾಗಿದ್ರೆ ಭಂಡಾರದ ಮುಂದೆ ನೀನು ನಡಿ. ತಾಗದಿದ್ರೆ ಜಗನ್ನಾಥನಿಗೆ ಬಿಡು. ನಿನಗೆ ಇದೆಲ್ಲ ಗೊತ್ತುಂಟಾ?”

“ಗೊತ್ತುಂಟು ಮಾವ,” ಅಂದೆ.

ಈ ‘ಗೊತ್ತುಂಟು’ ನನ್ನ ಬಾಯಿಗೆ ಸದಾ ಬರುವ ಮಾತು. ಯಾರೇ ಏನೇ ಹೇಳಲು ಹೊರಟರೂ ಇದೊಂದನ್ನು ಹೇಳಿಬಿಟ್ಟರೆ ಅರ್ಧ ಗಂಟೆ ಉಳಿಯುತ್ತದೆ. ಹೀಗೆ ಉಳಿಸಿದ ಸಮಯವನ್ನೆಲ್ಲ ಮುಂದೆ ಪಶ್ಚಾತ್ತಾಪಕ್ಕೆ ಖರ್ಚು ಮಾಡಿದ್ದೇನೆ.

ಮಾವ ರಿವಾಲ್ವರನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಅದು ಪರೀಕ್ಷೆಯ ದಿನವೇ ಹೊರಗೆ ಬರುವುದಂತೆ. ನನ್ನ ಗುಂಡನ್ನು ನಾನೇ ಆರಿಸಿ ತರಬೇಕಂತೆ. ಹೀಗೆ ರಿವಾಲ್ವರ್ ನಾರಾವಿಯಲ್ಲಿ, ಗುಂಡು ಗುರುವಾಯನಕೆರೆಯಲ್ಲಿ ಉಳಿದದ್ದರಿಂದ ಇಡೀ ಬೆಳ್ತಂಗಡಿ ತಾಲೂಕು ಕ್ಷೇಮವಾಗಿತ್ತು.

ಮಾವನ ಲೈಸೆನ್ಸು ಹಿಡಿದು ಮಂಗಳೂರಿನ ಕೋವಿ ಅಂಗಡಿಗೆ ಹೋದೆ. ತೆಂಗಿನಕಾಯಿ ಆಗಲಿ ಬಂಗುಡೆ ಮೀನಾಗಲಿ, ಯಾವುದನ್ನೂ ಪರೀಕ್ಷೆ ಮಾಡದೆ ತಂದವನಲ್ಲ ನಾನು. ಅಂಗಡಿಯ ಮುದುಕರು ಎರಡು ಜಾತಿಯ ಗುಂಡು ಮುಂದಿಟ್ಟರು. ಒಂದರ ತಲೆ ಸೀಸದ್ದು, ಮಂಕು. ಇನ್ನೊಂದರ ತಲೆ ತಾಮ್ರದ್ದು, ಫಳಫಳ. ನಾನು ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ಮುದುಕರು ಕನ್ನಡಕ ಇಳಿಸಿ, “ಎಂತ ನೋಡ್ತಿದ್ದೀರಿ?” ಅಂತ ಕೇಳಿದರು.

“ಒಳಗೆ ಭರ್ತಿ ಉಂಟಾ ಅಂತ.”

“ಅದು ಎಳನೀರಿನ ಬೊಂಡ ಅಲ್ಲ ಮಾರಾಯ್ರೇ! ಕೆಳಗೆ ಇಡಿ. ತೆಂಗಿನಕಾಯಿಗೆ ಹೊಡೀಲಿಕ್ಕೆ ಸೀಸದ್ದು ಸಾಕು.”

“ತಾಮ್ರದ್ದೇ ಕೊಡಿ. ಭಂಡಾರದ ಮುಂದೆ ಹೋಗುವಾಗ ಹೊಳೆಯಬೇಕಲ್ಲ?”

“ರಿವಾಲ್ವರಿನ ಒಳಗೆ ಇರುವುದು ಯಾರಿಗೆ ಕಾಣ್ತದೆ?”

“ದೈವಕ್ಕೆ ಕಾಣ್ತದೆ.”

ಮುದುಕರು ತಾಮ್ರದ್ದನ್ನೇ ಎಣಿಸಿ ಇಟ್ಟರು. ಅಭ್ಯಾಸಕ್ಕೆ ಗುರಿ ಹಲಗೆ, ಒಳಗೆ ಮದ್ದಿಲ್ಲದ ಹುಸಿ ಗುಂಡು ಎಲ್ಲ ಇದೆ, ಬೇಕೇ ಎಂದು ಕೇಳಿದರು. ಹುಸಿ ಗುಂಡು! ಉಪವಾಸದ ದಿನ ಊಟದ ಎಲೆ ಹಾಕಿದ ಹಾಗೆ. ಬೇಡ, ಅಭ್ಯಾಸದ ಸಾಮಾನು ಹೋಟೆಲಿನಲ್ಲೇ ಇದೆ ಅಂದೆ. ಗುಂಡು ಕಟ್ಟಿ ಕೊಡುತ್ತಾ ಮುದುಕರು, “ಇನ್ನೊಂದು ಮುಖ್ಯ ವಿಷಯ. ಇದನ್ನು ಮನೆಯಲ್ಲಿ ಇಡುವಾಗ...” ಎಂದು ಶುರು ಮಾಡಿದರು. ಬೆಳ್ತಂಗಡಿ ಬಸ್ಸು ಹೊರಡುವ ಹೊತ್ತಾಗಿತ್ತು. “ಗೊತ್ತುಂಟು, ಗೊತ್ತುಂಟು!” ಎಂದು ಓಡಿದೆ.

ಮನೆಗೆ ಬಂದವನು ಮಾವಿನ ಮಿಡಿಗೆಂದು ತೊಳೆದಿಟ್ಟ ಸಣ್ಣ ಭರಣಿಯೊಂದನ್ನು ಇಳಿಸಿ, ಗುಂಡುಗಳನ್ನೆಲ್ಲ ಅದರಲ್ಲಿ ಹಾಕಿ, ಮುಳುಗುವಷ್ಟು ತೆಂಗಿನೆಣ್ಣೆ ಹೊಯ್ದೆ. ನಮ್ಮಲ್ಲಿ ತೆಂಗಿನೆಣ್ಣೆ ಮುಟ್ಟದ ವಸ್ತು ಯಾವುದಿದೆ? ತಲೆಗೆ ಅದೇ, ಬಾಗಿಲಿನ ತಿರುಗಣಿಗೆ ಅದೇ, ಹೊಲಿಗೆ ಮೆಷಿನ್ನಿಗೂ ಅದೇ. ಗುಂಡು ಮಾತ್ರ ಏನು ಪಾಪ ಮಾಡಿದೆ?

ನನ್ನ ಹೆಂಡತಿ ಜಲಜ ಭರಣಿಯೊಳಗೆ ಇಣುಕಿದಳು.

“ಇದೆಂತ?”

“ಗುಂಡು.”

“ಅದು ಕಾಣ್ತದೆ. ಎಣ್ಣೆ ಎಂತಕ್ಕೆ?”

“ಜಾರಲಿಕ್ಕೆ. ಎಣ್ಣೆ ಕುಡಿದ ಗುಂಡು ನಳಿಗೆಯಿಂದ ಸರ್ರನೆ ಹೋಗ್ತದೆ.”

“ಉಪ್ಪು, ಸಾಸಿವೆ ಹಾಕಲಿಲ್ವಾ?”

ನಾನು ಗಂಭೀರವಾಗಿಯೇ ಇದ್ದೆ. ದೊಡ್ಡ ಕೆಲಸಕ್ಕೆ ಹೊರಟವನು ಇಂಥ ಮಾತುಗಳನ್ನು ಸಹಿಸಿಕೊಳ್ಳಬೇಕು.

“ಹೀಗೆ ಮಾಡ್ಲಿಕ್ಕೆ ಅಂಗಡಿಯವರು ಹೇಳಿದ್ದಾ?” ಅಂತ ಮತ್ತೆ ಕೇಳಿದಳು.

“ಎಂತದ್ದೋ ಹೇಳ್ಲಿಕ್ಕೆ ಹೊರಟಿದ್ರು. ನನಗೆ ಗೊತ್ತುಂಟು ಅಂದೆ.”

“ಅಲ್ಲ, ಒಳಗಿನ ಮದ್ದು ಒದ್ದೆ ಆದ್ರೆ ಹೊತ್ತುತ್ತದಾ?”

“ಎಣ್ಣೆ ಅಂದ್ರೆ ಒದ್ದೆಯಾ? ದೇವರ ಮುಂದೆ ದೀಪ ಉರಿಯುವುದು ಯಾವುದರಲ್ಲಿ?”

ಜಲಜ ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿ ಒಳಗೆ ಹೋದಳು. ಅವಳು ಒಪ್ಪಿಕೊಂಡಳು ಎಂದೇ ನಾನು ತಿಳಿದೆ. ನನ್ನ ಬುದ್ಧಿಯ ಬಗ್ಗೆ ನನಗೇ ಗೌರವ ಉಕ್ಕಿ ಬಂತು.

ಇನ್ನು ಅಭ್ಯಾಸ. ಮೊದಲನೆಯದು ಕೈ ನಡುಗದಿರುವುದು. ಇದಕ್ಕೆ ನಾನು ಆರಿಸಿದ ಸಾಧನ ಹಿತ್ತಾಳೆಯ ಚೊಂಬು. ಬಾಯಿವರೆಗೆ ನೀರು ತುಂಬಿ, ಬಲಗೈ ನೀಟಾಗಿ ಚಾಚಿ, ಚೊಂಬಿನ ಕಂಠ ಹಿಡಿದು, ಒಂದು ಕಣ್ಣು ಮುಚ್ಚಿ, ಒಂದು ಹನಿಯೂ ಚೆಲ್ಲದಂತೆ ನಿಲ್ಲುವುದು. ಹೋಟೆಲಿನ ಬಾಗಿಲಲ್ಲಿ ನಿಂತರೆ ಎದುರಿನ ಹುಣಸೆಮರ ಒಳ್ಳೆಯ ಗುರಿ. ಮೊದಲ ದಿನವೇ ಕೈ ಕಲ್ಲಿನಂತೆ ನಿಂತಿತು. ಆಗ ಇಡ್ಲಿ ತಿಂದು ಎದ್ದ ಅಳದಂಗಡಿಯ ಗಿರಾಕಿಯೊಬ್ಬರು ಬಂದು ಚೊಂಬಿನ ಕೆಳಗೆ ಎರಡು ಕೈ ಒಡ್ಡಿ ನಿಂತರು.

ನಾನು ಅಲುಗಲಿಲ್ಲ. ಗುರಿ ತಪ್ಪಬಾರದು.

“ಹೊಯ್ಯಿರಿ ಮಾರಾಯ್ರೇ, ಬಸ್ಸು ಬಂತು!” ಅಂದರು ಅವರು.

ಹೊಯ್ದೆ. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಗುರುವಾಯನಕೆರೆಯ ಹೋಟೆಲಿನಲ್ಲಿ ಧಣಿಗಳೇ ನಿಂತು ಕೈಗೆ ನೀರು ಹೊಯ್ಯುತ್ತಾರೆ ಎಂದು ಮೂಡುಬಿದಿರೆಯವರೆಗೆ ಸುದ್ದಿಯಾಯಿತು. ವ್ಯಾಪಾರ ಹೆಚ್ಚಿತು. ಕೈಯಂತೂ ದಿನವಿಡೀ ನಡುಗತೊಡಗಿತು.

ದಿನಾ ಕಾಫಿಗೆ ಬರುವ ಪದ್ಮರಾಜ ಮಾಸ್ಟ್ರು ಇದನ್ನೆಲ್ಲ ನೋಡುತ್ತಿದ್ದರು. ನಿವೃತ್ತರು, ಜೈನರು, ಇರುವೆ ಕಂಡರೆ ಕಾಲು ಎತ್ತಿ ದಾಟುವವರು. “ಶೀನಣ್ಣ, ತೆಂಗಿನಕಾಯಿಗೆ ಮಾತ್ರ ಅಲ್ವಾ? ಜೀವಹಿಂಸೆ ಎಂತದ್ದೂ ಇಲ್ಲವಷ್ಟೆ?” ಎಂದು ವಿಚಾರಿಸಿದರು. ಇಲ್ಲವೆಂದು ಮಾತು ಕೊಟ್ಟೆ. ಇಡೀ ಪ್ರಕರಣದಲ್ಲಿ ನಾನು ಉಳಿಸಿಕೊಂಡ ಮಾತು ಅದೊಂದೇ.

ಎರಡನೆಯ ಅಭ್ಯಾಸ ಶಬ್ದಕ್ಕೆ ಹೆದರದಿರುವುದು. ಢಂ ಅಂದರೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಣ್ಣು ಮುಚ್ಚಿದವನ ಗುಂಡು ಎಲ್ಲಿಗೆ ಹೋದೀತು? ಅದಕ್ಕೆ ಸಾಧನ ಗರ್ನಾಲು. ಕೈಮುಷ್ಟಿಯಷ್ಟು ದೊಡ್ಡ, ಕಿವಿ ಗುಂಯ್‌ಗುಡಿಸುವ ಆ ಸಿಡಿಮದ್ದನ್ನು ನೇಮದ ಕಾಲದಲ್ಲಿ ಎಲ್ಲಿ ಕೇಳಿದರೂ ಕೊಡುತ್ತಾರೆ. ಹೋಟೆಲಿನ ಅಡಿಗೆಯ ಬಾಬುವನ್ನು ಹಿತ್ತಿಲಿನ ಆ ತುದಿಯಲ್ಲಿ ನಿಲ್ಲಿಸಿದೆ. ನಾನು ಈ ತುದಿಯಲ್ಲಿ ಚೊಂಬು ಚಾಚಿ ನಿಂತೆ. “ಕೊಡು ಬೆಂಕಿ!”

ಢಂ! ಕಣ್ಣು ಮುಚ್ಚಿತು. ಅರ್ಧ ನೀರು ನನ್ನ ಮೇಲೆ.

“ಇನ್ನೊಂದು!”

ಢಂ! ಕಣ್ಣು ಮತ್ತೆ ಮುಚ್ಚಿತು. ಉಳಿದರ್ಧವೂ ನನ್ನ ಮೇಲೆ.

ಇಷ್ಟರಲ್ಲಿ ಹೋಟೆಲಿನ ಮುಂದೆ ಏನಾಗುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಗರ್ನಾಲು ಸಿಡಿದು ಹೊಟ್ಟಿತೆಂದರೆ ದೈವದ ಭಂಡಾರ ಹೊರಟಿತು ಎಂದರ್ಥ. ಅದು ದಾಟಿ ಹೋಗುವವರೆಗೆ ಯಾರೂ ಅಡ್ಡ ಹೋಗುವುದಿಲ್ಲ. ಬೆಳ್ತಂಗಡಿಗೆ ಹೊರಟ ಬಸ್ಸನ್ನು ಡ್ರೈವರು ಭಕ್ತಿಯಿಂದ ಬದಿಗೆ ನಿಲ್ಲಿಸಿ ಇಂಜಿನು ಆರಿಸಿದ್ದರು. ಅದರ ಹಿಂದೆ ಮೂಡುಬಿದಿರೆ ಬಸ್ಸು, ಅದರ ಹಿಂದೆ ಅಕ್ಕಿಮುಡಿ ಹೇರಿದ ಗಾಡಿಗಳು. ಪ್ರಯಾಣಿಕರು ಇಳಿದು, ಚಪ್ಪಲಿ ಕಳಚಿ, ಕೈ ಮುಗಿದು ಸಾಲಾಗಿ ನಿಂತಿದ್ದರು. ಎರಡನೆಯ ಗರ್ನಾಲಿಗೆ “ಹತ್ತಿರ ಬಂತು, ಹತ್ತಿರ ಬಂತು” ಎಂದು ಹೆಂಗಸರು ಮಲ್ಲಿಗೆ ತೆಗೆದು ಕೈಯಲ್ಲಿ ಹಿಡಿದರಂತೆ.

ಬಂದದ್ದು ನಾನು! ಒದ್ದೆ ಬನಿಯನ್ನು, ಮೇಲೆ ಕಟ್ಟಿದ ಮುಂಡು, ಚಾಚಿದ ಕೈಯಲ್ಲಿ ಖಾಲಿ ಚೊಂಬು. ನೀರು ತುಂಬಿಸಿಕೊಳ್ಳಲೆಂದು ಹಿತ್ತಿಲಿನಿಂದ ಮುಂದೆ ಬಂದರೆ ರಸ್ತೆ ತುಂಬ ಜನ ನನಗೆ ಕೈ ಮುಗಿದು ನಿಂತಿದ್ದಾರೆ. ಅಜ್ಜಿಯೊಬ್ಬರು ಕಣ್ಣು ಮುಚ್ಚಿಕೊಂಡೇ ಚೊಂಬಿನೊಳಗೆ ಹೂವು ಹಾಕಿದರು.

ಡ್ರೈವರು ಮೊದಲು ಕಣ್ಣು ಬಿಟ್ಟರು. “ಭಂಡಾರ ಎಲ್ಲಿ?”

“ಭಂಡಾರ ಅಲ್ಲ, ಅಭ್ಯಾಸ,” ಅಂದೆ.

ಆಮೇಲೆ ಅವರು ಆಡಿದ ಮಾತುಗಳನ್ನು ಬರೆಯಲಾರೆ. ಅಂದು ಎಲ್ಲರಿಗೂ ಪುಕ್ಕಟೆ ಚಹಾ ಕೊಡಿಸಿದ ಮೇಲೆ ಬಸ್ಸುಗಳು ಹೊರಟವು. ದೈವದ ಹೆಸರಿನಲ್ಲಿ ತಮಾಷೆಯಾಯಿತಲ್ಲ ಎಂದು ನನಗೂ ನಿಜವಾಗಿ ಬೇಸರವಾಗಿ ತಪ್ಪುಕಾಣಿಕೆ ತೆಗೆದಿಟ್ಟೆ. ಆದರೆ ಪರೀಕ್ಷೆಯ ಬಗ್ಗೆ ನನ್ನ ಧೈರ್ಯಕ್ಕೆ ಕುಂದು ಬರಲಿಲ್ಲ. ಕೈಗೆ ಚೊಂಬು ಆಗಿದೆ, ಕಿವಿಗೆ ಗರ್ನಾಲು ಆಗಿದೆ, ಗುಂಡಿಗೆ ಎಣ್ಣೆ ಆಗಿದೆ. ಇನ್ನೇನು ಬಾಕಿ?

ಆದಿತ್ಯವಾರ ಬಂತು. ಭರಣಿಯಿಂದ ಗುಂಡುಗಳನ್ನು ತೆಗೆದು, ಒರೆಸಿ, ಬಾಳೆ ಎಲೆಯಲ್ಲಿ ಕಟ್ಟಿಕೊಂಡೆ. ನಾನು, ಜಲಜ, ಸಾಕ್ಷಿಗೆಂದು ಮಾಸ್ಟ್ರು, ಮತ್ತು ಬಾಬು ನಾರಾವಿಯ ಬಸ್ಸು ಹತ್ತಿದೆವು. ಬಾಬುವಿನ ಚೀಲದಲ್ಲಿ ಉಳಿದಿದ್ದ ಕೊನೆಯ ಗರ್ನಾಲು. ಅದು ನನ್ನದೇ ಯೋಜನೆ. ತೆಂಗಿನಕಾಯಿ ಬಿದ್ದ ಕೂಡಲೇ ವಿಜಯದ ಗರ್ನಾಲು ಹೊಟ್ಟಬೇಕು! ಮಾವನಿಗೆ ಹೇಳಿರಲಿಲ್ಲ. ಇಂಥವು ಹೇಳಿ ಮಾಡುವಂಥದ್ದಲ್ಲ. ಬಾಬುವನ್ನು ಅಂಗಳದ ಬಲ ಮೂಲೆಯಲ್ಲಿ, ಪಾಗಾರಕ್ಕೆ ತಾಗಿಕೊಂಡ ಬಾವಿಕಟ್ಟೆಯ ಹಿಂದೆ ಕೂರಿಸಿ, “ನನ್ನ ಶಬ್ದ ಕೇಳಿದ ಮೇಲೆ ನಿನ್ನದು,” ಎಂದು ಅಪ್ಪಣೆ ಕೊಟ್ಟೆ.

ಅಂಗಳದ ಸುತ್ತ ಊರಿನ ಜನ. ಮಾವ ಚಾವಡಿಯ ಕುರ್ಚಿಯಲ್ಲಿ. ಜಗನ್ನಾಥ ಕಂಬಕ್ಕೆ ಒರಗಿ ಸುಮ್ಮನೆ. ಪಾಗಾರದ ನಡುವೆ ತೆಂಗಿನಕಾಯಿ. ಅದರ ಹಿಂದೆ ಬರಿಯ ಮಣ್ಣಿನ ದರೆ. ಮಾವ ರಿವಾಲ್ವರ್ ಕೈಗಿತ್ತರು. ನಾನು ಐದು ಗುಂಡು ತುಂಬಿದೆ. ಹೇಗೆ ಜಾರಿದವು ಅಂತೀರಿ! ಜಲಜಳ ಕಡೆ ಒಮ್ಮೆ ನೋಡಿದೆ. ಅವಳು ನೆಲ ನೋಡಿದಳು.

ಕೈ ಚಾಚಿದೆ. ಒಂದು ಕಣ್ಣು ಮುಚ್ಚಿದೆ. ಬೆರಳು ಮಡಚಿದೆ.

ಟಿಕ್.

ಹೋಗಲಿ. ಕೆಲವು ಗುಂಡುಗಳಿಗೆ ನಾಚಿಕೆ ಸ್ವಭಾವ. ಎರಡನೆಯದು. ಟಿಕ್. ಜನರಲ್ಲಿ ಗುಸುಗುಸು ಎದ್ದಿತು. ಮೂರನೆಯದು. ಟಿಕ್. ಈಗ ಕೈಗೆ ಏನೋ ಕಚ್ಚಿತು. ನೋಡಿದರೆ ಇರುವೆ! ಬಾಳೆ ಎಲೆಯಲ್ಲಿದ್ದಾಗಲೇ ಎಣ್ಣೆಯ ಪರಿಮಳಕ್ಕೆ ಬಂದು ಸೇರಿದ ಪರಿವಾರ ರಿವಾಲ್ವರಿನಿಂದ ಹೊರಟು ನನ್ನ ತೋಳಿನ ಮೇಲೆ ಮೆರವಣಿಗೆ ಬರುತ್ತಿತ್ತು. ಅಂಗಿಯೊಳಗೂ ಹೊಕ್ಕವು. ಆದರೆ ಚೊಂಬಿನ ಅಭ್ಯಾಸ ಸುಮ್ಮನೆಯೇ? ಹಲ್ಲು ಕಚ್ಚಿ ನಿಂತೆ. ನಾಲ್ಕನೆಯದು. ಟಿಕ್.

“ಸಾಕು ಶೀನ,” ಅಂದರು ಮಾವ ಮೆಲ್ಲಗೆ.

“ಇನ್ನೊಂದು ಉಂಟು ಮಾವ.” ಆ ಮುಂಡಾಸು ನನ್ನ ತಲೆಯಿಂದ ಜಾರಿ ಜಗನ್ನಾಥನ ತಲೆಯ ಕಡೆಗೆ ಹೋಗುತ್ತಿರುವುದು ಕಣ್ಣಿಗೆ ಕಂಡಂತಾಯಿತು. ದೈವವನ್ನು ನೆನೆದು ಐದನೆಯದಕ್ಕೆ ಬೆರಳು ಮಡಚಿದೆ.

ಢಂ!!

ಕಣ್ಣು ಮುಚ್ಚಿತು. ಬಿಟ್ಟು ನೋಡುತ್ತೇನೆ, ಪಾಗಾರದ ಮೇಲೆ ತೆಂಗಿನಕಾಯಿ ಇಲ್ಲ!

“ತಾಗಿತು! ತಾಗಿತು!” ಜನ ಕೂಗಿದರು. ಮಾವ ಮೊಣಕಾಲಿನ ನೋವು ಮರೆತು ಎದ್ದು ಬಂದು ನನ್ನ ಬೆನ್ನು ತಟ್ಟಿದರು. “ಭೇಷ್ ಶೀನ! ಮನೆಯ ಮರ್ಯಾದೆ ಉಳಿಸಿದೆ!” ಜಲಜ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತುಂಬಿ ಬಂತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ನಾನು ಜನರತ್ತ ತಿರುಗಿ, “ಎಲ್ಲ ಅಭ್ಯಾಸ. ಮತ್ತೆ ಗುಂಡು ಆರಿಸುವುದರಲ್ಲಿ ಉಂಟು,” ಎಂದು ಎರಡು ಮಾತು ಶುರು ಮಾಡಿದೆ.

ಅಷ್ಟರಲ್ಲಿ ಜಗನ್ನಾಥ ಪಾಗಾರದ ಬುಡದಿಂದ ತೆಂಗಿನಕಾಯಿಯನ್ನು ಎತ್ತಿ ತಂದ. ತಿರುಗಿಸಿ ತಿರುಗಿಸಿ ನೋಡಿದ.

“ಅಣ್ಣ, ಎಲ್ಲಿ ತಾಗಿದ್ದು?”

ಕಾಯಿಯ ಮೇಲೆ ಒಂದು ಗೀರೂ ಇರಲಿಲ್ಲ. ಮಾವ ನನ್ನ ಕೈಯಿಂದ ರಿವಾಲ್ವರ್ ತೆಗೆದುಕೊಂಡು ಬಿಡಿಸಿ ಅಂಗೈ ಮೇಲೆ ಕೊಡವಿದರು. ಐದು ಗುಂಡುಗಳೂ ಹಾಕಿದ ಹಾಗೆಯೇ, ಮಿರಮಿರ ಮಿಂಚುತ್ತಾ ಹೊರಗೆ ಬಂದವು. ಹಿಂದೆಯೇ ನಾಲ್ಕಾರು ಇರುವೆಗಳು. ಮಾವ ಒಂದು ಗುಂಡನ್ನು ಮೂಗಿನ ಹತ್ತಿರ ಹಿಡಿದರು.

“ಇದೆಂತ ಮಾರಾಯ, ಒಗ್ಗರಣೆ ಹಾಕಿದ್ದಾ?”

ನಾನು ಬಾಯಿ ತೆರೆಯುವ ಮೊದಲೇ ಬಾವಿಕಟ್ಟೆಯ ಹಿಂದಿನಿಂದ ಹೊಗೆಯ ನಡುವೆ ಬಾಬು ಎದ್ದು ಬಂದ. “ಅಣ್ಣ, ಗರ್ನಾಲು ಲಾಯ್ಕಲ್ಲಿ ಹೊಟ್ಟಿತಾ? ನಿಮ್ಮ ಶಬ್ದ ಎಷ್ಟು ಹೊತ್ತಿಗೂ ಕೇಳ್ಲಿಲ್ಲ. ಕೂತು ಕೂತು ಕಾಲು ಜೋಮು ಹಿಡೀತು. ಹಾಗೆ ನಾನೇ ಬೆಂಕಿ ಕೊಟ್ಟುಬಿಟ್ಟೆ. ಪಾಗಾರ ಸಮಾ ಅದುರಿತು.”

ಆಗ ಅಂಗಳದಲ್ಲಿ ಎದ್ದ ನಗೆ ಇದೆಯಲ್ಲ, ಆ ಗರ್ನಾಲನ್ನೂ ಮೀರಿಸಿತು. ಜಲಜ ಮತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಈ ಸಲ ಬೇರೆ ಕಾರಣಕ್ಕೆ. ಪದ್ಮರಾಜ ಮಾಸ್ಟ್ರು ಹತ್ತಿರ ಬಂದು ನನ್ನ ಕೈ ಕುಲುಕಿದರು. “ಮಾತು ಉಳಿಸಿದ್ರಿ ಶೀನಣ್ಣ. ಜೀವಹಿಂಸೆ ಬಿಡಿ, ತೆಂಗಿನಕಾಯಿಯ ಸಿಪ್ಪೆಗೂ ನೋವಾಗಲಿಲ್ಲ. ಬೇಟೆಗಾರರೆಲ್ಲ ನಿಮ್ಮ ಹಾಗೆ ಇದ್ರೆ ಕಾಡು ಎಷ್ಟು ಚೆಂದ ಇರ್ತಿತ್ತು!”

ಮಾವ ತಮ್ಮ ಪೆಟ್ಟಿಗೆಯಿಂದ ಬೇರೆ ಗುಂಡು ತೆಗೆದು ಜಗನ್ನಾಥನಿಗೆ ಕೊಟ್ಟರು. ಅವು ಮಂಕಾದ ಸೀಸದ ತಲೆಯವು. ಅವನು ಚೊಂಬು ಹಿಡಿದವನಲ್ಲ, ಗರ್ನಾಲು ಕೇಳಿ ನಿಂತವನಲ್ಲ. ಹೊಡೆದ. ಕಾಯಿ ಚೂರಾಯಿತು. ಆ ಚೂರುಗಳ ಚಟ್ನಿಯೇ ಅಂದಿನ ಊಟಕ್ಕೆ. ಬಹಳ ರುಚಿಯಾಗಿತ್ತು ಎಂದು ಎಲ್ಲರೂ ಹೇಳಿದರು. ನಾನು ಬರೀ ಮಜ್ಜಿಗೆಯಲ್ಲಿ ಊಟ ಮುಗಿಸಿದೆ.

ಊಟವಾದ ಮೇಲೆ ಮಾವ ನನ್ನನ್ನು ಹತ್ತಿರ ಕೂರಿಸಿಕೊಂಡರು. ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು.

“ಶೀನ, ನಿನಗೆ ಭಂಡಾರದ ಮುಂದೆ ನಡೆಯಬೇಕು ಅಂತ ಆಸೆ ಅಲ್ವಾ?”

“ಹೌದು ಮಾವ,” ಅಂದೆ. ‘ಗೊತ್ತುಂಟು’ ಎನ್ನುವ ಧೈರ್ಯ ಇರಲಿಲ್ಲ.

“ಹಾಗಾದ್ರೆ ಈ ವರ್ಷದಿಂದ ಗರ್ನಾಲಿನ ಚೀಲ ನಿನಗೆ. ನೀನು ಕೈ ಹಾಕಿದ ಕೆಲಸದಲ್ಲಿ ಹೊಟ್ಟಿದ್ದು ಅದೊಂದೇ.”

ಅಂದಿನಿಂದ ಆ ಅಧಿಕಾರ ನನ್ನದು. ನೇಮದ ದಿನ ಬಿಳಿ ಮುಂಡಾಸು ಸುತ್ತಿ, ಸೊಂಟದಲ್ಲಿ ರಿವಾಲ್ವರ್ ಸಿಕ್ಕಿಸಿಕೊಂಡು ಜಗನ್ನಾಥ ಭಂಡಾರದ ಮುಂದೆ ಬರುತ್ತಾನೆ. ಅವನಿಗಿಂತಲೂ ಬಹಳ ಮುಂದೆ, ಹೆಗಲಿಗೆ ಚೀಲ ಹಾಕಿಕೊಂಡು ನಾನು. ಒಂದೊಂದಕ್ಕೂ ಬೆಂಕಿ ಕೊಟ್ಟು ಓಡುತ್ತೇನೆ. ಢಂ ಎನ್ನುವಾಗ ಕಣ್ಣು ಇಂದಿಗೂ ಮುಚ್ಚುತ್ತದೆ. ಎಲ್ಲರಿಗಿಂತ ಮುಂದೆ ನಡೆಯಬೇಕೆಂಬ ನನ್ನ ಆಸೆಯನ್ನು ದೈವ ಅಕ್ಷರಶಃ ನಡೆಸಿಕೊಟ್ಟಿದೆ. ನನ್ನನ್ನು ಕಂಡ ಕೂಡಲೇ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಕೈ ಮುಗಿಯುವುದಿಲ್ಲ ಅಷ್ಟೆ. ಎರಡೂ ಕೈಗಳಲ್ಲಿ ಕಿವಿ ಮುಚ್ಚಿಕೊಂಡಿರುತ್ತಾರೆ!